ಅಧ್ಯಕ್ಷರ ಆದೇಶವೂ ಹದಿನಾಲ್ಕನೆಯ ತಿದ್ದುಪಡಿಯೂ

ಅಮೆರಿಕದ ಸುಪ್ರೀಂ ಕೋರ್ಟು 2025ರ ಡಿಸೆಂಬರ್ 5ರಂದು ಒಂದು ಮೊಕದ್ದಮೆಯನ್ನು ವಿಚಾರಣೆಗೆ ಅಂಗೀಕರಿಸಿತು. ಈ ನೆಲದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಇಲ್ಲಿನ ಪ್ರಜೆಯೇ, ಅಲ್ಲವೇ ಎಂಬುದು ಅದರ ತಿರುಳು. ಊರಿನ ಬಂಧುಗಳು ಫೋನಿನಲ್ಲಿ ಕೇಳುವ ಪ್ರಶ್ನೆ ಒಂದೇ: “ಅಧ್ಯಕ್ಷರೇ ಆದೇಶ ಹೊರಡಿಸಿದ ಮೇಲೆ ಮುಗಿಯಿತಲ್ಲವೇ?” ಮುಗಿಯಲಿಲ್ಲ. ಏಕೆ ಮುಗಿಯಲಿಲ್ಲವೆಂಬುದನ್ನು ಅರಿತರೆ ಅಮೆರಿಕದ ಸಂವಿಧಾನದ ಅರ್ಧ ಪಾಠ ಆದಂತೆಯೇ.

ಅಧ್ಯಕ್ಷ ಟ್ರಂಪ್ 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಆ ಆದೇಶಕ್ಕೆ ಸಹಿ ಹಾಕಿದರು. ತಾಯಿ ಇಲ್ಲಿ ಅಕ್ರಮವಾಗಿದ್ದರೆ, ಅಥವಾ ಸಕ್ರಮವಾಗಿದ್ದರೂ ತಾತ್ಕಾಲಿಕವಾಗಿ ಬಂದವಳಾಗಿದ್ದು, ತಂದೆ ಪ್ರಜೆಯೂ ಗ್ರೀನ್ ಕಾರ್ಡು ಪಡೆದವನೂ ಅಲ್ಲದಿದ್ದರೆ, ಮಗುವಿಗೆ ಪೌರತ್ವದ ದಾಖಲೆ ಕೊಡಬಾರದೆಂದು ಅದು ಹೇಳುತ್ತದೆ. ಮೂವತ್ತು ದಿನಗಳ ಬಳಿಕ ಹುಟ್ಟುವ ಮಕ್ಕಳಿಗೆ ಅನ್ವಯ. ನಮ್ಮ ಕಡೆ ಇದನ್ನು ಅಕ್ರಮ ವಲಸಿಗರ ವಿಷಯವೆಂದೇ ಅನೇಕರು ತಿಳಿದರು. ಆದರೆ ತೆರಿಗೆ ಕಟ್ಟಿ ಕಾನೂನಿನಂತೆ ದುಡಿಯುವ ಎಚ್-1ಬಿ ಎಂಜಿನಿಯರರೂ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ಯುವ ವೈದ್ಯರೂ ಅದರ ವ್ಯಾಪ್ತಿಗೆ ಬರುತ್ತಾರೆ. ಉದ್ಯೋಗಾಧಾರಿತ ಎರಡನೆಯ ವರ್ಗದಲ್ಲಿ 2013ರಲ್ಲಿ ಅರ್ಜಿ ಹಾಕಿದ ಭಾರತೀಯರಿಗೆ ಗ್ರೀನ್ ಕಾರ್ಡಿನ ಸರದಿ ಬಂದದ್ದು 2025ರ ಕೊನೆಯ ಹೊತ್ತಿಗೆ. ‘ತಾತ್ಕಾಲಿಕ’ವೆಂಬುದು ಹನ್ನೆರಡು ವರ್ಷಗಳಷ್ಟು ದೀರ್ಘವಾಗಬಲ್ಲದು.

1787ರಲ್ಲಿ ರಚಿತವಾದ ಸಂವಿಧಾನದ ಮೊದಲ ವಿಧಿ ಶಾಸನಾಧಿಕಾರವನ್ನು ಕಾಂಗ್ರೆಸ್ಸಿಗೂ, ಎರಡನೆಯದು ಕಾರ್ಯಾಧಿಕಾರವನ್ನು ಅಧ್ಯಕ್ಷರಿಗೂ, ಮೂರನೆಯದು ನ್ಯಾಯಾಧಿಕಾರವನ್ನು ಕೋರ್ಟುಗಳಿಗೂ ವಹಿಸಿದೆ. ಅಧ್ಯಕ್ಷರ ಆದೇಶವೆಂದರೆ ಅವರು ತಮ್ಮ ಕೈಕೆಳಗಿನ ಇಲಾಖೆಗಳಿಗೆ ಕೊಡುವ ನಿರ್ದೇಶನ. ಶಾಸನವನ್ನಾಗಲಿ ಸಂವಿಧಾನವನ್ನಾಗಲಿ ಮೀರುವ ಬಲ ಅದಕ್ಕಿಲ್ಲ.

ಇಲ್ಲಿ ಎದುರಾಗಿರುವುದು ಹದಿನಾಲ್ಕನೆಯ ತಿದ್ದುಪಡಿ. ಆಫ್ರಿಕನ್ ಮೂಲದವರು ಈ ದೇಶದ ಪ್ರಜೆಗಳಾಗಲಾರರೆಂದು ಸುಪ್ರೀಂ ಕೋರ್ಟೇ 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಅಂತರ್ಯುದ್ಧದಲ್ಲಿ ಲಕ್ಷಾಂತರ ಜನ ಸತ್ತ ಬಳಿಕ, 1868ರಲ್ಲಿ, ಆ ತೀರ್ಪನ್ನು ಅಳಿಸಿದ್ದು ಈ ತಿದ್ದುಪಡಿ: ಇಲ್ಲಿ ಹುಟ್ಟಿ, ಇಲ್ಲಿನ ಅಧಿಕಾರವ್ಯಾಪ್ತಿಗೆ ಒಳಪಟ್ಟವರೆಲ್ಲರೂ ಪ್ರಜೆಗಳು. ಈಗಿನ ವ್ಯಾಜ್ಯವೆಲ್ಲ ‘ಅಧಿಕಾರವ್ಯಾಪ್ತಿ’ಯ ಸುತ್ತ. ತಾತ್ಕಾಲಿಕವಾಗಿ ಬಂದವರ ನಿಷ್ಠೆ ಬೇರೆಡೆಗಿದೆ, ಅವರು ಪೂರ್ಣವಾಗಿ ಒಳಪಟ್ಟವರಲ್ಲ ಎಂದು ಸರ್ಕಾರ ವಾದಿಸುತ್ತಿದೆ. ವೇಗದ ಮಿತಿ ಮೀರಿದರೆ ದಂಡ ಕಟ್ಟಿಸಿಕೊಳ್ಳುವಾಗ, ಏಪ್ರಿಲ್‌ನಲ್ಲಿ ತೆರಿಗೆ ಪಡೆಯುವಾಗ ಇಲ್ಲದ ಸಂದೇಹ ಮಗು ಹುಟ್ಟಿದಾಗ ಮಾತ್ರ ಏಕೆ ಹುಟ್ಟುತ್ತದೆಯೋ ನನಗೆ ಅರ್ಥವಾಗದು. ನನ್ನ ಮಕ್ಕಳಿಬ್ಬರೂ ನಾನು ವೀಸಾದ ಮೇಲಿದ್ದಾಗ ಹುಟ್ಟಿದವರು. ಆದೇಶ ಹಿಂದಿನವರಿಗೆ ಅನ್ವಯಿಸದಿದ್ದರೂ ನಾನು ಇದರಲ್ಲಿ ತಟಸ್ಥನೆಂದು ಹೇಳಿಕೊಳ್ಳಲಾರೆ.

ಈ ಪ್ರಶ್ನೆ ಹೊಸದೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗಳಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್, ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ ಬಂದರಿನಲ್ಲಿ ಅವನನ್ನು ತಡೆದರು. 1898ರಲ್ಲಿ ಸುಪ್ರೀಂ ಕೋರ್ಟು 6–2ರ ಬಹುಮತದಿಂದ ಅವನನ್ನು ಪ್ರಜೆಯೆಂದಿತು. ಅವನ ತಂದೆತಾಯಿ ಇಲ್ಲಿ ಖಾಯಂ ನೆಲೆಸಿದ್ದರೆಂಬುದನ್ನು ಸರ್ಕಾರ ಈಗ ಎತ್ತಿ ಹಿಡಿಯುತ್ತಿದೆ. ಭಾರತೀಯರಿಗೂ ಈ ತೀರ್ಪಿನ ಋಣವಿದೆ. 1923ರ ಭಗತ್ ಸಿಂಗ್ ಥಿಂಡ್ ತೀರ್ಪಿನಿಂದ 1946ರ ಶಾಸನದವರೆಗೆ ಇಲ್ಲಿ ನೆಲೆಸಿದ ಭಾರತೀಯರು ಪೌರತ್ವ ಪಡೆಯುವಂತಿರಲಿಲ್ಲ. ಇಲ್ಲಿ ಹುಟ್ಟಿದ ಅವರ ಮಕ್ಕಳು ಮಾತ್ರ ಪ್ರಜೆಗಳಾಗಿದ್ದರು.

ಭಾರತವೂ ಜನ್ಮಸಿದ್ಧ ಪೌರತ್ವವನ್ನು ಕೈಬಿಟ್ಟಿದೆಯಲ್ಲ ಎಂದು ಗೆಳೆಯರು ಕೇಳುತ್ತಾರೆ. ನಿಜ. 1987ರ ಜುಲೈ 1ರಿಂದ ತಂದೆ ಅಥವಾ ತಾಯಿ ಭಾರತೀಯರಾಗಿರಲೇಬೇಕು. 2004ರ ಡಿಸೆಂಬರಿನಿಂದ ನಿಯಮ ಇನ್ನಷ್ಟು ಬಿಗಿಯಾಯಿತು. ಆದರೆ ನಮ್ಮ ಸಂವಿಧಾನದ 11ನೆಯ ವಿಧಿ ಪೌರತ್ವದ ನಿಯಮ ಮಾಡುವ ಅಧಿಕಾರವನ್ನು ಸಂಸತ್ತಿಗೇ ಬಿಟ್ಟಿದೆ. ಸಾಮಾನ್ಯ ಬಹುಮತ ಸಾಕು. ಇಲ್ಲಿ ತಿದ್ದುಪಡಿಯನ್ನು ಬದಲಿಸಲು ಸಾಮಾನ್ಯ ಮಾರ್ಗವೆಂದರೆ ಎರಡೂ ಸದನಗಳ ಮೂರನೇ ಎರಡರಷ್ಟು ಮತ, ಮೇಲೆ 38 ರಾಜ್ಯಗಳ ಒಪ್ಪಿಗೆ. ಗುರಿಯ ಸರಿತಪ್ಪು ಬೇರೆ ಮಾತು, ದಾರಿ ಇದೊಂದೇ.

ಆದೇಶ ಬಂದ ಮೂರೇ ದಿನಗಳಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಅದನ್ನು ತಡೆದರು. ಅವರು ರೇಗನ್ ನೇಮಿಸಿದವರು. ಆ ವಾರ ಏಳು ತಿಂಗಳ ಬಸುರಿಯ ಗಂಡನೊಬ್ಬ ನನಗೆ ಫೋನು ಮಾಡಿ, “ಸರ್, ಫೆಬ್ರವರಿ 19ಕ್ಕೆ ಮುಂಚೆ ಸಿಸೇರಿಯನ್ ಮಾಡಿಸಬಹುದೇ?” ಎಂದ. ಅವಧಿಗೆ ಮುನ್ನ ಹುಟ್ಟುವ ಮಗುವಿನ ಶ್ವಾಸಕೋಶಗಳಿಗಿರುವ ಅಪಾಯವನ್ನು ವಿವರಿಸಿ, ಬೇಡವೆಂದೆ. ಪಾಸ್‌ಪೋರ್ಟಿಗಾಗಿ ಮಗುವಿನ ಉಸಿರನ್ನು ಪಣಕ್ಕಿಡುವಷ್ಟು ಭಯವನ್ನು ಒಂದು ಕಾಗದ ಹುಟ್ಟಿಸಿತ್ತು.

ಜೂನ್ 27ರಂದು ಸುಪ್ರೀಂ ಕೋರ್ಟು, ಆದೇಶದ ಸಿಂಧುತ್ವವನ್ನು ಮುಟ್ಟದೆ, ಕೆಳಗಿನ ಕೋರ್ಟುಗಳು ದಾವೆ ಹೂಡಿದವರನ್ನು ಮೀರಿ ದೇಶಕ್ಕೆಲ್ಲ ತಡೆಯಾಜ್ಞೆ ಕೊಡುವುದಕ್ಕೆ ಮಿತಿ ಹಾಕಿತು. ಸಿಯಾಟಲ್‌ನಲ್ಲಿ ಹುಟ್ಟಿದ ಮಗು ಪ್ರಜೆ, ಡಲಾಸ್‌ನಲ್ಲಿ ಹುಟ್ಟಿದ್ದು ಅಲ್ಲ ಎನ್ನುವ ಸ್ಥಿತಿ ಬರಬಹುದಿತ್ತು. ಜುಲೈ 10ರಂದು ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶರು ಬಾಧಿತರಾಗಬಹುದಾದ ಮಕ್ಕಳೆಲ್ಲರನ್ನೂ ಒಂದು ವರ್ಗವೆಂದು ಪರಿಗಣಿಸಿ ಮತ್ತೆ ತಡೆದರು. ಹೀಗಾಗಿ 2025ರಲ್ಲಿ ಆದೇಶ ಜಾರಿಗೇ ಬರಲಿಲ್ಲ.

ರೂಢಿಯಂತೆ 2026ರ ಬೇಸಿಗೆಯ ಹೊತ್ತಿಗೆ ತೀರ್ಪು ಬರಬೇಕಿತ್ತು. ಈಗ ಆಸ್ಪತ್ರೆಯಲ್ಲಿ ಮಗುವಿನ ಜನನ ನೋಂದಣಿಗೆ ತುಂಬಿಸುವ ನಮೂನೆಯಲ್ಲಿ ತಂದೆತಾಯಿ ಹುಟ್ಟಿದ ಸ್ಥಳವನ್ನು ಕೇಳುತ್ತಾರೆ. ಅವರ ವೀಸಾ ಯಾವುದೆಂದು ಕೇಳುವ ಕಲಂ ಅದರಲ್ಲಿಲ್ಲ.