‘ಶೆಡ್‌ಗೆ ಬಾ’ ಅಂತ ಕಾಮೆಂಟ್ ಹಾಕೋರೇ, ಆ ಶೆಡ್ ಇಲ್ಲೇ ಪಕ್ಕದಲ್ಲಿದೆ!

ರೀಲ್ಸ್ ಕೆಳಗಿನ ತಮಾಷೆ ಪಶ್ಚಿಮ ಬೆಂಗಳೂರಿನಲ್ಲಿ ಎಲ್ಲಿಗೆ ಬಂದು ಮುಟ್ಟಿದೆ?

ಬೆಂಗಳೂರು: ಕ್ರಿಕೆಟ್ ರೀಲ್ಸ್ ಇರಲಿ, ಗಂಡ-ಹೆಂಡತಿ ಜಗಳದ ಕಾಮಿಡಿ ಇರಲಿ, ಯಾರೋ ಹುಡುಗ ಬೈಕ್ ಮೇಲೆ ಕೂತು ಬಿಲ್ಡಪ್ ಕೊಡೋ ವಿಡಿಯೋ ಇರಲಿ. ಕೆಳಗಿನ ಕಾಮೆಂಟ್ ತೆಗೆದು ನೋಡಿದರೆ ‘ಶೆಡ್‌ಗೆ ಬಾ’, ‘ಶೆಡ್ ರೆಡಿ ಇದೆ’ ಅನ್ನೋ ಮಾತು ಈಗಲೂ ಆಗಾಗ ಕಣ್ಣಿಗೆ ಬೀಳುತ್ತೆ. ಬರೆದವರು ನಗೋಕೆ ಬರೆದಿರುತ್ತಾರೆ. ಓದಿದವರೂ ನಕ್ಕು ಒಂದು ಲೈಕ್ ಒತ್ತಿ ಮುಂದೆ ಹೋಗುತ್ತಾರೆ.

ಬೇರೆ ಊರಿನವರಿಗೆ ಅದು ಬರೀ ಡೈಲಾಗ್ ಇರಬಹುದು. ಈ ಭಾಗದ ಜನಕ್ಕೆ ಹಾಗಲ್ಲ. ಶೆಡ್ ಇರೋದು ಪಟ್ಟಣಗೆರೆಯಲ್ಲಿ. ಕೆಂಗೇರಿಗೆ ಹೋಗೋ ನೇರಳೆ ಮೆಟ್ರೋದಲ್ಲಿ ಜ್ಞಾನಭಾರತಿ ಆದ ಮೇಲೆ ಬರೋ ಸ್ಟೇಷನ್ ಹೆಸರೂ ಅದೇ. ದಿನಾ ಸಾವಿರಾರು ಜನ ಆ ಹೆಸರು ಕೇಳಿಸಿಕೊಂಡೇ ಕೆಲಸಕ್ಕೆ ಹೋಗಿ ಬರುತ್ತಾರೆ.

ಮೆಸೇಜ್‌ನಿಂದ ಶುರುವಾಗಿದ್ದು

2024ರ ಜೂನ್ 9ರಂದು ಸುಮನಹಳ್ಳಿ ಹತ್ತಿರ ರಾಜಕಾಲುವೆ ಪಕ್ಕ ಒಂದು ಶವ ಸಿಕ್ಕಿತು. ಕಾಮಾಕ್ಷಿಪಾಳ್ಯ ಠಾಣೆಯಲ್ಲಿ ಕೇಸ್ ಆಯ್ತು. ಸತ್ತವರು ಚಿತ್ರದುರ್ಗದ ರೇಣುಕಸ್ವಾಮಿ. ಜೂನ್ 11ರಂದು ನಟ ದರ್ಶನ್ ಬಂಧನ ಆಯ್ತು. ಪವಿತ್ರಾ ಗೌಡ ಸೇರಿ ಒಟ್ಟು 17 ಜನ ಆರೋಪಿಗಳು. ಪವಿತ್ರಾ ಅವರಿಗೆ ಇನ್‌ಸ್ಟಾಗ್ರಾಂನಲ್ಲಿ ಅಶ್ಲೀಲ ಮೆಸೇಜ್ ಕಳಿಸಿದ್ದಕ್ಕೆ ರೇಣುಕಸ್ವಾಮಿಯನ್ನು ಕರೆಸಿ, ಪಟ್ಟಣಗೆರೆ ಶೆಡ್‌ನಲ್ಲಿ ಕೂಡಿಹಾಕಿ ಹೊಡೆದು ಕೊಂದರು ಅನ್ನೋದು ಪೊಲೀಸರ ಆರೋಪಪಟ್ಟಿ. 2024ರ ಡಿಸೆಂಬರ್ 13ರಂದು ಹೈಕೋರ್ಟ್ ಜಾಮೀನು ಕೊಟ್ಟಿತು, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆರೋಪ ಸಾಬೀತಾಗುತ್ತೋ ಇಲ್ಲವೋ, ಹೇಳಬೇಕಾದ್ದು ನ್ಯಾಯಾಲಯ.

ಇಲ್ಲಿ ಗಮನಿಸಬೇಕಾದ್ದು ಬೇರೆ. ಈ ಕೇಸ್ ಶುರುವಾಗಿದ್ದು ಫೋನ್‌ನಲ್ಲಿ ಟೈಪ್ ಮಾಡಿದ ಮಾತಿಂದ. ಮುಂದುವರಿದಿದ್ದೂ ಫೋನ್‌ನಲ್ಲೇ. ಆರೋಪಿಗಳನ್ನು ವಿಚಾರಣೆ ಮಾಡ್ತಿದ್ದ ಅನ್ನಪೂರ್ಣೇಶ್ವರಿನಗರ ಠಾಣೆ ಮುಂದೆ ಮೊಬೈಲ್ ಹಿಡಿದು ನಿಂತವರು ಎಷ್ಟಾದರು ಅಂದರೆ, ಪೊಲೀಸರು ಠಾಣೆಗೆ ಶಾಮಿಯಾನ ಪರದೆ ಕಟ್ಟಿಸಿ ನಿಷೇಧಾಜ್ಞೆ ಹಾಕಬೇಕಾಯ್ತು. ಜೈಲಲ್ಲಿ ಕೊಟ್ಟ ಕೈದಿ ನಂಬರ್ 6106 ಗಾಡಿಗಳ ಮೇಲೆ ಸ್ಟಿಕ್ಕರ್ ಆಯ್ತು, ಕೈ ಮೇಲೆ ಹಚ್ಚೆ ಆಯ್ತು, ಅದರ ರೀಲ್ಸ್ ಆಯ್ತು. ‘ಶೆಡ್’ ಅನ್ನೋ ಪದ ಕಾಮೆಂಟ್‌ಗೆ ಬಂದಿದ್ದು ಆ ದಿನಗಳಲ್ಲೇ.

ಒಬ್ಬ ಮನುಷ್ಯ ಸತ್ತಾಗ ಅವರ ಹೆಂಡತಿ ಗರ್ಭಿಣಿ. ಮಗು ಹುಟ್ಟಿದ್ದು ಅಪ್ಪ ಹೋದ ಮೇಲೆ. ಆ ಮಗು ದೊಡ್ಡದಾಗಿ ಓದೋದು ಕಲಿತಾಗಲೂ ಈ ಕಾಮೆಂಟುಗಳು ಅಲ್ಲಲ್ಲೇ ಇರುತ್ತವೆ. ಯಾರೂ ಹೋಗಿ ಅಳಿಸುವುದಿಲ್ಲ.

ಕಟ್ಟೆ ಮಾತಿಗೂ ಕಾಮೆಂಟಿಗೂ ಏನು ವ್ಯತ್ಯಾಸ?

ಟೀ ಅಂಗಡಿ ಮುಂದೆ, ಸಲೂನ್‌ನಲ್ಲಿ, ಬಸ್ ಸ್ಟಾಪ್‌ನಲ್ಲಿ ಕಾಲೆಳೆಯೋದು ಮೊದಲಿಂದ ಇದ್ದದ್ದೇ. ಆದರೆ ಅಲ್ಲಿ ಎದುರಿಗಿರೋನ ಮುಖ ಕಾಣುತ್ತೆ. ಮಾತು ಜಾಸ್ತಿ ಆಯ್ತು ಅಂದ್ರೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ಸಾಕು ಬಿಡ್ರಪ್ಪ’ ಅಂತಾರೆ. ಸಂಜೆಗೆ ಎಲ್ಲರೂ ಮರೆತು ಮನೆಗೆ ಹೋಗುತ್ತಾರೆ. ಕಾಮೆಂಟ್‌ನಲ್ಲಿ ಈ ಮೂರೂ ಇಲ್ಲ. ಮುಖ ಇಲ್ಲ, ‘ಸಾಕು’ ಅನ್ನೋರಿಲ್ಲ, ಮರೆವೂ ಇಲ್ಲ.

ಇನ್ನೊಂದು, ಇದು ಪೈಪೋಟಿ. ಜಾಸ್ತಿ ಲೈಕ್ ಬಿದ್ದ ಕಾಮೆಂಟ್ ಮೇಲೆ ಕಾಣುತ್ತೆ. ಹಾಗಾಗಿ ಮೊದಲು ಬಂದು ಒಂದೇ ಸಾಲಲ್ಲಿ ನಗಿಸಬೇಕು. ಹೊಸದು ಹೊಳೆಯದಿದ್ದಾಗ ಆಗಲೇ ಓಡ್ತಿರೋ ಮಾತನ್ನೇ ತಂದು ಹಾಕೋದು ಸುಲಭ. ಮೊದಲ ಸಲ ಬರೆದವನಿಗೆ ಶೆಡ್ ಅಂದ್ರೆ ಏನು ಅಂತ ಗೊತ್ತಿತ್ತು. ನೂರನೇ ಸಲ ಬರೆಯೋ ಹೈಸ್ಕೂಲ್ ಹುಡುಗನಿಗೆ ಅದು ‘ಬಾ ನೋಡ್ಕೊತೀನಿ’ ಅನ್ನೋದಕ್ಕೆ ಇನ್ನೊಂದು ಪದ, ಅಷ್ಟೇ. ಬೆದರಿಕೆ ಹೀಗೇ ಬರ್ತಾ ಬರ್ತಾ ಜೋಕ್ ಆಗಿಬಿಡುತ್ತೆ. ಅದೇ ಮಾತನ್ನು ನಿಜವಾಗಿ ಬೆದರಿಸೋಕೆ ಬಳಸಿದವನೂ ಸಿಕ್ಕಿಬಿದ್ದಾಗ ‘ತಮಾಷೆಗೆ ಅಂದೆ ಸಾರ್’ ಅಂದುಬಿಡಬಹುದು.

ಕಂಪನಿಗಳ ಲೆಕ್ಕವೂ ಇದಕ್ಕೆ ಗಾಳಿ ಹಾಕುತ್ತೆ. ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್ ಬಂತು, ಎಷ್ಟು ಜನ ಬೇರೆಯವರಿಗೆ ಕಳಿಸಿದರು, ಒಂದು ವಿಡಿಯೋ ಓಡೋಕೆ ಈ ಮೂರು ಮುಖ್ಯ ಅಂತ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಜನವರಿಯಲ್ಲಿ ಹೇಳಿದ್ದರು. ಈಗ ನೋಡಿ, ಕಾಮೆಂಟ್ ಓದ್ತಾ ಕೂತಾಗ ಹಿಂದೆ ಆ ರೀಲ್ಸ್ ಸುತ್ತಿ ಸುತ್ತಿ ಓಡ್ತಾನೇ ಇರುತ್ತೆ. ಅಂದ್ರೆ ವಿಡಿಯೋ ಇಷ್ಟ ಇಲ್ಲದೆ ಬರೀ ಕಾಮೆಂಟ್ ಓದೋಕೆ ಬಂದವನೂ ಅದರ ನೋಡಿದ ಹೊತ್ತನ್ನು ಜಾಸ್ತಿ ಮಾಡಿ ಹೋಗಿರ್ತಾನೆ. ಬೈದವನೂ ಅಷ್ಟೇ, ‘ಇದನ್ನ ನೋಡ್ರೋ’ ಅಂತ ಗ್ರೂಪಿಗೆ ಕಳಿಸಿದವನೂ ಅಷ್ಟೇ. ಲೆಕ್ಕಕ್ಕೆ ಹೊಗಳಿಕೆ, ತೆಗಳಿಕೆ ಎರಡೂ ಒಂದೇ.

ಇದೇ ಕಾಮೆಂಟ್ ನ್ಯಾಯ ಕೊಡಿಸಿದ್ದೂ ಇದೆ

ಕಾಮೆಂಟ್ ಮಾಡೋರೆಲ್ಲ ಕೆಲಸ ಇಲ್ಲದವರು ಅಂತ ತಳ್ಳಿ ಹಾಕೋದು ತಪ್ಪಾಗುತ್ತೆ. 2024ರ ಜುಲೈ 16ರಂದು ಮಾಗಡಿ ರಸ್ತೆಯ ಜಿಟಿ ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡೋಕೆ ಬಂದಿದ್ದ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ವಿಡಿಯೋ ಹೊರಗೆ ಬಂತು. ಪಂಚೆ ಬಗ್ಗೆ, ಮಾಲ್ ಬಗ್ಗೆ ವ್ಯಂಗ್ಯದ ಮಳೆಯೇ ಸುರೀತು. ಮರುದಿನ ರೈತ ಸಂಘಟನೆ, ಕನ್ನಡ ಸಂಘಟನೆಗಳವರು ಪಂಚೆ ಉಟ್ಟುಕೊಂಡೇ ಮಾಲ್ ಮುಂದೆ ಬಂದರು. ಜುಲೈ 18ರಂದು ಸರ್ಕಾರ ವಿಧಾನಸಭೆಯಲ್ಲೇ ಮಾಲ್ 7 ದಿನ ಬಂದ್ ಅಂತ ಹೇಳಿತು.

2025ರ ಫೆಬ್ರುವರಿ 9ರಿಂದ ಮೆಟ್ರೋ ಟಿಕೆಟ್ ದರ ಏರಿದಾಗಲೂ ಹಾಗೇ. ಗರಿಷ್ಠ ದರ 60 ರೂಪಾಯಿಂದ 90ಕ್ಕೆ ಹೋಯ್ತು. ಕೆಲವು ಕಡೆಗೆ ದರ ಹತ್ತತ್ರ ದುಪ್ಪಟ್ಟು ಆಯ್ತು. ಟೀಕೆ, ಟ್ರೋಲ್ ಎರಡೂ ಜೋರಾದವು. ವಾರದೊಳಗೆ ನಿಗಮ ಏರಿಕೆಯನ್ನು ಶೇ 71ರ ಮಿತಿಗೆ ಇಳಿಸಿತು. ತಮಾಷೆ ಒಂದರಿಂದಲೇ ಆಯ್ತು ಅಂತಲ್ಲ. ರಾಜಕೀಯ ಒತ್ತಡವೂ ಇತ್ತು. ಆದರೆ ಜನರ ಸಿಟ್ಟು ಎಷ್ಟಿದೆ ಅಂತ ಬೇಗ ಕಂಡಿದ್ದು ಅಲ್ಲೇ.

ಈ ಎರಡು ಕಡೆ ತಮಾಷೆ ಬಿದ್ದಿದ್ದು ಮಾಲ್‌ನ ರೂಲ್ಸ್ ಮೇಲೆ, ನಿಗಮದ ದರಪಟ್ಟಿ ಮೇಲೆ. ಉತ್ತರ ಕೊಡೋ ಶಕ್ತಿ ಇರೋರ ಮೇಲೆ. ಅಲ್ಲೂ ಒಂದು ಎಚ್ಚರ ಬೇಕು. ಬಾಗಿಲಲ್ಲಿ ನಿಂತಿರೋ ಸೆಕ್ಯುರಿಟಿ, ಮಾಲ್‌ನ ರೂಲ್ಸ್ ಬರೆದವನಲ್ಲ. ವಿಡಿಯೋದಲ್ಲಿ ಕಾಣೋ ಮುಖ ಮಾತ್ರ ಯಾವಾಗಲೂ ಅವನದೇ.

ಒಬ್ಬಂಟಿ ಸಿಕ್ಕಾಗ

ಅದೇ ಗುಂಪು ಒಬ್ಬ ಹೆಣ್ಣುಮಗಳ ಮೇಲೆ ತಿರುಗಿದರೆ ಏನಾಗುತ್ತೆ ಅನ್ನೋದಕ್ಕೆ 2025 ಒಂದೇ ವರ್ಷದಲ್ಲಿ ಮೂರು ಉದಾಹರಣೆ ಸಿಗುತ್ತವೆ.

ಮೇ ತಿಂಗಳಲ್ಲಿ, ನಮ್ಮ ಮೆಟ್ರೋದಲ್ಲಿ ಓಡಾಡೋ ಹೆಣ್ಣುಮಕ್ಕಳನ್ನು ಅವರಿಗೆ ಗೊತ್ತಿಲ್ಲದೆ ಶೂಟ್ ಮಾಡಿ ಹಾಕ್ತಿದ್ದ ಇನ್‌ಸ್ಟಾಗ್ರಾಂ ಖಾತೆ ಬಯಲಾಯ್ತು. ಬನಶಂಕರಿ ಪೊಲೀಸರು ಕೇಸ್ ಹಾಕಿ ಯುವಕನೊಬ್ಬನನ್ನು ಹಿಡಿದರು. ಅಂಥ ಖಾತೆ ನಡೆಯೋದು ಫಾಲೋ ಮಾಡೋರು, ಲೈಕ್ ಒತ್ತೋರು ಇರೋದರಿಂದಲೇ.

ಜುಲೈನಲ್ಲಿ ಇನ್ನೊಂದು. ಚರ್ಚ್ ಸ್ಟ್ರೀಟ್‌ನಲ್ಲಿ ನಡೆದು ಹೋಗ್ತಿದ್ದ ತನ್ನ ವಿಡಿಯೋ ಒಪ್ಪಿಗೆ ಇಲ್ಲದೆ ಹಾಕಿದ್ದಾರೆ, ಅದಾದ ಮೇಲೆ ಕೆಟ್ಟ ಮೆಸೇಜ್ ಬರ್ತಿವೆ ಅಂತ ಒಬ್ಬ ಯುವತಿ ತಾನೇ ಹೊರಗೆ ಬಂದು ಹೇಳಿದರು. ಅದರಲ್ಲೂ ಬಂಧನ ಆಯ್ತು. ಆಕೆ ಮಾಡಿದ್ದು ರಸ್ತೆಯಲ್ಲಿ ನಡೆದಿದ್ದು, ಅಷ್ಟೇ.

ಅದೇ ಜುಲೈ ಕೊನೆಗೆ ನಟಿ ರಮ್ಯಾ. ರೇಣುಕಸ್ವಾಮಿ ಕೇಸ್‌ನ ಸುಪ್ರೀಂ ಕೋರ್ಟ್ ವಿಚಾರಣೆ ಬಗ್ಗೆ ಪೋಸ್ಟ್ ಹಾಕಿದ್ದಕ್ಕೆ ಅಶ್ಲೀಲ ಬೈಗುಳ, ಬೆದರಿಕೆ ಬಂದವು. ಅವರು 43 ಖಾತೆಗಳ ಮೇಲೆ ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು. ಪೊಲೀಸರು ಹಲವರನ್ನು ಬಂಧಿಸಿದರು. ಮಾಜಿ ಸಂಸದೆ, ಹೆಸರಿರೋ ನಟಿ, ಹಾಗಾಗಿ ದೂರು ಕೊಟ್ಟು ನಿಂತರು. ಬಸವೇಶ್ವರನಗರದಲ್ಲಿ ಬ್ಲೌಸ್ ಹೊಲಿದು, ಅದರ ರೀಲ್ಸ್ ಹಾಕಿ ನಾಲ್ಕು ಆರ್ಡರ್ ಹುಡುಕೋ ಹೆಣ್ಣುಮಗಳಿಗೆ ಇಂಥದ್ದು ಬಂದರೆ? ಆಕೆ ಮಾಡೋದು ಒಂದೇ: ಖಾತೆ ಮುಚ್ಚೋದು. ಆರ್ಡರ್ ಹೋಯ್ತು.

ಅಂಗಡಿಯವರ ಲಾಭ-ನಷ್ಟ

ರಾಜಾಜಿನಗರದಿಂದ ಕೆಂಗೇರಿವರೆಗೆ ದರ್ಶಿನಿ, ಸೀರೆ ಅಂಗಡಿ, ಮೊಬೈಲ್ ಶಾಪ್, ಚಾಟ್ಸ್ ಗಾಡಿ, ಈಗ ಎಲ್ಲರಿಗೂ ರೀಲ್ಸ್ ಬೇಕು. ಬೋರ್ಡ್ ಹಾಕೋದಕ್ಕಿಂತ ಖರ್ಚು ಕಡಿಮೆ. ಕೆಳಗೆ ಬರೋ ಕಾಮೆಂಟ್‌ಗಳನ್ನು ಮೂರು ಥರ ಮಾಡಿಕೊಳ್ಳಬಹುದು.

ಒಂದು, ‘ಲೊಕೇಶನ್ ಎಲ್ಲಿ ಗುರು’, ‘ರೇಟ್ ಹೇಳಿ ಅಣ್ಣ’. ಇದು ಗಿರಾಕಿ. ‘ಡಿಎಂ ಮಾಡಿ’ ಅಂತ ಸುತ್ತಿಸದೆ ಅಲ್ಲೇ ರೇಟು, ವಿಳಾಸ ಬರೆದು ಪಿನ್ ಮಾಡಿದರೆ ಹತ್ತು ಜನ ಓದುತ್ತಾರೆ.

ಎರಡು, ‘ಚಟ್ನಿ ನೀರಿದ್ದಂಗೆ ಇದೆ’, ‘ದೋಸೆ ಸಣ್ಣ, ರೇಟು ದೊಡ್ಡ’. ಇದು ಕಾಲೆಳೆಯೋದು, ಒಳಗೆ ಸ್ವಲ್ಪ ನಿಜವೂ ಇರಬಹುದು. ಅಳಿಸಿದರೆ ‘ಡಿಲೀಟ್ ಮಾಡ್ತಾರೆ ನೋಡಿ’ ಅಂತ ಅದೇ ದೊಡ್ಡದಾಗುತ್ತೆ. ‘ಬನ್ನಿ ಸಾರ್, ಇವತ್ತು ಗಟ್ಟಿ ಚಟ್ನಿ ಹಾಕ್ತೀವಿ’ ಅಂತ ನಗ್ತಾ ಉತ್ತರ ಕೊಟ್ಟರೆ ತಮಾಷೆ ಅಂಗಡಿ ಕಡೆಗೇ ತಿರುಗುತ್ತೆ.

ಮೂರು, ಕೆಲಸದ ಹುಡುಗಿಯ ಮೈ ಬಗ್ಗೆ, ಜಾತಿ ಬಗ್ಗೆ, ಬೇರೆ ಊರಿಂದ ಬಂದ ಅಡುಗೆ ಹುಡುಗನ ಭಾಷೆ ಬಗ್ಗೆ ಹೊಲಸು ಮಾತು. ‘ಕಾಮೆಂಟ್ ಜಾಸ್ತಿ ಬಂದ್ರೆ ವಿಡಿಯೋ ಓಡುತ್ತೆ’ ಅಂತ ಇದನ್ನು ಬಿಟ್ಟುಕೊಳ್ಳೋ ಅಂಗಡಿಯವರೂ ಇದ್ದಾರೆ. ಅದು ಕೆಲಸದವರ ಮರ್ಯಾದೆ ಮಾರಿ ವ್ಯೂಸ್ ತಗೊಂಡ ಹಾಗೆ. ವಿಡಿಯೋದಲ್ಲಿ ಕೆಲಸದವರು ಕಾಣೋ ಮೊದಲು ಅವರನ್ನು ಒಂದು ಮಾತು ಕೇಳಬೇಕು. ಕಂಡ ಮೇಲೆ ಕೆಳಗೆ ಬರೋ ಹೊಲಸು ಅಳಿಸೋದು ಮಾಲೀಕರ ಕೆಲಸ.

ಅಳಿಸ್ತಾ ಕೂರೋಕೆ ಟೈಮ್ ಇಲ್ಲ ಅನ್ನೋರಿಗೆ ದಾರಿ ಇದೆ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ‘ಹಿಡನ್ ವರ್ಡ್ಸ್’, ಯೂಟ್ಯೂಬ್ ಸ್ಟುಡಿಯೋದಲ್ಲಿ ‘ಬ್ಲಾಕ್ಡ್ ವರ್ಡ್ಸ್’ ಅಂತ ಇರುತ್ತೆ. ಬೇಡದ ಪದ ಅಲ್ಲಿ ಸೇರಿಸಿದರೆ ಅಂಥ ಕಾಮೆಂಟ್ ಬೇರೆಯವರಿಗೆ ಕಾಣಲ್ಲ. ಕನ್ನಡ ಬೈಗುಳವನ್ನು ಜನ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ಥರ ಬರೀತಾರೆ. ಹಾಗಾಗಿ ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರದ ಆ ಎಲ್ಲಾ ಥರದಲ್ಲೂ ಸೇರಿಸಬೇಕು.

ಕಾನೂನು ಏನು ಹೇಳುತ್ತೆ?

ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಬರೀ ‘ಬೇಜಾರಾಯ್ತು’ ಅಂತ ಕಾಮೆಂಟ್ ಮಾಡಿದವರನ್ನು ಹಿಡಿಯೋ ಹಾಗಿಲ್ಲ. ಅದು ಒಳ್ಳೆಯದೇ. ಇಲ್ಲದಿದ್ದರೆ ಮಾಲ್ ಬಗ್ಗೆ, ಮೆಟ್ರೋ ಬಗ್ಗೆ ಮಾತಾಡಿದವರೂ ಠಾಣೆ ಮೆಟ್ಟಿಲು ಹತ್ತಬೇಕಾಗ್ತಿತ್ತು.

ಹಾಗಂತ ಏನು ಬೇಕಾದರೂ ಬರೀಬಹುದು ಅಂತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಣ್ಣಿನ ಮಾನಕ್ಕೆ ಕುಂದು ತರೋ ಮಾತಿಗೆ ಸೆಕ್ಷನ್ 79, ಬೆನ್ನು ಬಿದ್ದು ಕಾಡೋದಕ್ಕೆ 78, ಬೆದರಿಕೆಗೆ 351, ಮಾನಹಾನಿಗೆ 356 ಇದೆ. ಅಶ್ಲೀಲವಾದದ್ದನ್ನು ಆನ್‌ಲೈನ್‌ನಲ್ಲಿ ಹಾಕಿದರೆ ಐಟಿ ಕಾಯ್ದೆಯ 67ರ ಪ್ರಕಾರ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಆಗಬಹುದು. ನಕಲಿ ಖಾತೆ ಅಂತ ಧೈರ್ಯ ಮಾಡೋದೂ ಬೇಡ. ಯಾವ ಫೋನಿಂದ, ಯಾವ ನಂಬರ್‌ನಿಂದ ಬಂತು ಅಂತ ಪೊಲೀಸರು ಕೇಳಿ ತೆಗೆಸಬಹುದು.

ತೊಂದರೆ ಆದವರು ಸಿಟ್ಟಲ್ಲಿ ಕಾಮೆಂಟ್ ಅಳಿಸಿಬಿಡೋದೇ ಜಾಸ್ತಿ. ಮೊದಲು ಸ್ಕ್ರೀನ್‌ಶಾಟ್. ಖಾತೆ ಹೆಸರು, ದಿನಾಂಕ, ಲಿಂಕ್ ಇಟ್ಟುಕೊಳ್ಳಬೇಕು. ಆಮೇಲೆ ಆ್ಯಪ್‌ನಲ್ಲಿ ರಿಪೋರ್ಟ್, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು, ಇಲ್ಲವೇ ಹತ್ತಿರದ ಠಾಣೆ ಅಥವಾ ಸಿಇಎನ್ ಠಾಣೆ. ಮನೆಯವರು ‘ನೀನ್ಯಾಕೆ ವಿಡಿಯೋ ಹಾಕ್ದೆ’ ಅಂತ ಹುಡುಗಿಗೇ ಬೈಯೋದು ಬಿಟ್ಟು ಜೊತೆಗೆ ಠಾಣೆಗೆ ಹೋದರೆ ಅರ್ಧ ಕೆಲಸ ಆದಂತೆ.

ಮುಂದೇನು?

ಶೆಡ್ ಕೇಸ್‌ನಲ್ಲಿ ತೀರ್ಪು ಒಂದು ದಿನ ಬರುತ್ತೆ. ಯಾವ ಕಡೆಗೇ ಬರಲಿ, ಆವತ್ತು ಸಂಜೆಯೊಳಗೆ ರೀಲ್ಸ್ ಬರ್ತವೆ, ಕೆಳಗೆ ಕಾಮೆಂಟ್ ಸಾವಿರ ದಾಟುತ್ತೆ. ಒಂದು ಕಡೆಯವರು ಇನ್ನೊಂದು ಕಡೆಯವರನ್ನು ‘ಶೆಡ್‌ಗೆ’ ಕರೀತಾರೆ. ಈ ಭಾಗದ ಹುಡುಗರ ಫೋನ್‌ಗೂ ಅದು ಬಂದೇ ಬರುತ್ತೆ. ಒಂದು ಸಾಲು ಸೇರಿಸಬೇಕೋ, ಮೇಲಕ್ಕೆ ತಳ್ಳಿ ಮುಂದಿನ ವಿಡಿಯೋಗೆ ಹೋಗಬೇಕೋ ಅಂತ ಯೋಚನೆ ಮಾಡೋಕೆ ಆಗ ಸಿಗೋದು ಎರಡೇ ಸೆಕೆಂಡು. ಮನೆಯಲ್ಲಿ ಹೈಸ್ಕೂಲ್, ಪಿಯು ಓದೋ ಮಕ್ಕಳಿದ್ದರೆ ಆ ಶೆಡ್‌ನಲ್ಲಿ ಏನಾಯ್ತು ಅಂತ ಆರೋಪ ಇದೆ, ಅದು ಯಾಕೆ ನಗೋ ಮಾತಲ್ಲ ಅಂತ ಕೂರಿಸಿಕೊಂಡು ಹೇಳೋಕೆ ಆ ದಿನದವರೆಗೆ ಕಾಯಬೇಕಾಗಿಲ್ಲ.