ಹಾರ್ಬರ್ ಲೈನಿನಲ್ಲಿ ಇಳಿಯದವರು

ಪ್ರತಿ ವರ್ಷ ಕಾಲೇಜು ಶುರುವಾದೊಡನೆ ನಮ್ಮ ಬಳಗದ ಹಳಬರು ಹೊಸಬರಿಗೆ ‘ಮುಂಬಯಿ ತೋರಿಸುವ’ ಪದ್ಧತಿ ಉಂಟಷ್ಟೆ. ಗೇಟ್‌ವೇ, ಮರೀನ್ ಡ್ರೈವ್, ಚೌಪಾಟಿಯಲ್ಲಿ ಒಂದು ಪ್ಲೇಟು ಭೇಲ್, ಕೊನೆಗೆ ಮಾಟುಂಗಾದಲ್ಲಿ ರಾಮಾ ನಾಯಕರ ಬಾಳೆಲೆ ಊಟ. ಊಟದ ಬಗ್ಗೆ ನನ್ನ ತಕರಾರಿಲ್ಲ. 1942ರಿಂದ ನಡೆದುಕೊಂಡು ಬಂದ ಆ ಪಂಕ್ತಿಯಲ್ಲಿ ಇನ್ನೊಮ್ಮೆ ಸಾರು ಬಡಿಸಿಕೊಳ್ಳುವವರಲ್ಲಿ ನಾನೂ ಒಬ್ಬ. ತಕರಾರಿರುವುದು ಉಳಿದದ್ದರ ಬಗ್ಗೆ. ನಮಗೆ ಕಡಲೆಂದರೆ ಪಶ್ಚಿಮದ ಕಡಲು, ಸೂರ್ಯ ಮುಳುಗುವ ಕಡಲು. ಈ ಊರಿಗೆ ಅನ್ನ ಹಾಕಿದ ಪೂರ್ವದ ಕಡಲನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ?

ನಾನೂ ನೋಡಿರಲಿಲ್ಲ. ಹೋದ ಡಿಸೆಂಬರಿನಲ್ಲಿ ಊರಿನಿಂದ ದೊಡ್ಡಪ್ಪ ಬಂದರು. ಎಪ್ಪತ್ತೆಂಟು ವರ್ಷ. ಹುಡುಗನಾಗಿದ್ದಾಗ ಮಜಗಾಂವ್ ಡಾಕಿನ ಬಳಿ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆದು, ಕನ್ನಡದ ರಾತ್ರಿ ಶಾಲೆಯಲ್ಲಿ ಓದಿದವರು. ನಾನು ಹೆಮ್ಮೆಯಿಂದ ಗೇಟ್‌ವೇ ಎದುರು ನಿಲ್ಲಿಸಿದೆ. ಅವರು ಒಮ್ಮೆ ನೋಡಿ, “ಇದನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೇನೆ ಮಾರಾಯ. ಭಾವೂಚಾ ಧಕ್ಕಾಕ್ಕೆ ಕರಕೊಂಡು ಹೋಗು” ಅಂದರು. ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕೆಂದು ಇಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿಲ್ಲ! ಅವರೇ ಹೇಳಿದರು, ಡಾಕ್‌ಯಾರ್ಡ್ ರೋಡ್.

ಸ್ಟೇಷನ್ನಿನ ಪಕ್ಕದಲ್ಲೇ ಭಂಡಾರವಾಡಾ ಗುಡ್ಡ. ಮೇಲೆ ಜೋಸೆಫ್ ಬ್ಯಾಪ್ಟಿಸ್ಟಾ ಉದ್ಯಾನ, ಅದರಡಿಯಲ್ಲಿ ಊರಿಗೆ ನೀರು ಕೊಡುವ ಟಾಕಿ. ತಿಲಕರ ಒಡನಾಡಿಯಾಗಿದ್ದ, 1925ರಲ್ಲಿ ಮುಂಬಯಿಯ ಮೇಯರ್ ಆದ ‘ಕಾಕಾ’ ಬ್ಯಾಪ್ಟಿಸ್ಟಾ ಇದೇ ಮಜಗಾಂವಿನವರು. ಗುಡ್ಡದ ಮೇಲಿಂದ ಕ್ರೇನುಗಳು, ಅರ್ಧ ಕಟ್ಟಿದ ಹಡಗುಗಳು, ಆಚೆ ಮಂಜಿನಲ್ಲಿ ಬಂದರು, ಎಲ್ಲ ಕಾಣುತ್ತವೆ. ದೊಡ್ಡಪ್ಪ ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ ಕೈ ಚಾಚಿ, “ನಮ್ಮ ಹೋಟ್ಲು ಅಲ್ಲಿ ಇತ್ತು” ಅಂದರು. ಅಲ್ಲಿ ಈಗ ಗೋಡೌನಿನ ತಗಡು.

ಕೆಳಗಿಳಿದರೆ ಮ್ಹಾತಾರಪಾಖಾಡಿ. ಮರದ ಜಗಲಿಯ, ಹೊರಮೆಟ್ಟಿಲಿನ ಈಸ್ಟ್ ಇಂಡಿಯನ್ ಕ್ರೈಸ್ತರ ಮನೆಗಳು, ನಡುವೆ ಶಿಲುಬೆ. ಇದು ಮುಂಬಯಿಯೋ ಯಾವುದೋ ಹಳ್ಳಿಯೋ ಎಂದು ಭ್ರಮೆ ಬರಬೇಕು. ಅಲ್ಲಿಂದ ದೂರವಿಲ್ಲ, ನವಾಬ್ ಟ್ಯಾಂಕ್ ರಸ್ತೆಯಲ್ಲಿ ಚೀನೀಯರ ಸೀ ಯುಪ್ ದೇವಾಲಯ. 1919ರದ್ದು. ಡಾಕುಗಳಿಗೆ ದುಡಿಯಲು ಬಂದ ಕ್ಯಾಂಟನ್ ಕಡೆಯ ಜನ ಕಟ್ಟಿಕೊಂಡದ್ದು. ಸಾಮಾನ್ಯ ಮನೆಯಂಥ ಕಟ್ಟಡ, ಕೆಂಪು ಬಾಗಿಲು, ಊದುಬತ್ತಿಯ ಹೊಗೆ. ನಮ್ಮವರು ಊರು ಬಿಟ್ಟು ಬಂದು ಶನಿಪೂಜೆ ಸಮಿತಿ ಮಾಡಿಕೊಂಡ ಹಾಗೆಯೇ ಅವರೂ ಮಾಡಿಕೊಂಡರು ಅನ್ನಿಸಿತು.

ಧಕ್ಕೆಯಲ್ಲಿ ನಾವು ಹೋದಾಗ ಹರಾಜು ಮುಗಿದಿತ್ತು. ನಸುಕಿನಲ್ಲಿ ಹೋಗಬೇಕಂತೆ. ಆದರೂ ಮಂಜುಗಡ್ಡೆಯ ನೀರು, ಬುಟ್ಟಿಗಳಲ್ಲಿ ಬೊಂಬಿಲು, ಹಲ್ವಾ, ಕೋಳಿ ಹೆಂಗಸರ ಗಂಟಲು, ರೇವಸಿಗೆ ಹೊರಡುವ ಲಾಂಚಿನ ಕೂಗು. ಪಕ್ಕದ ಅಂಗಡಿಯಲ್ಲಿ ಹುರಿದ ಬೊಂಬಿಲು, ಪಾವು, ಕಡಕ್ ಚಾ. ನಿಮ್ಮ ಚೌಪಾಟಿಯ ಭೇಲನ್ನು ಇದಕ್ಕೆ ಹೋಲಿಸಬೇಡಿ. (ಸಸ್ಯಾಹಾರಿ ಮಿತ್ರರು ಚಾ ಕುಡಿಯಲಿ.)

ಈ ತೀರದ ಒಂದು ದಿನವನ್ನಾದರೂ ನಾವು ತಿಳಿದಿರಬೇಕಿತ್ತು. 1944ರ ಏಪ್ರಿಲ್ 14. ವಿಕ್ಟೋರಿಯಾ ಡಾಕಿನಲ್ಲಿ ಹತ್ತಿಯ ಬೇಲುಗಳನ್ನೂ ಸಿಡಿಮದ್ದನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗು ಸ್ಫೋಟಗೊಂಡಿತು. ಸತ್ತವರು ನೂರಾರು, ಬೆಂಕಿ ನಂದಿಸಲು ಹೋದ ಬಂಬಿನವರೇ ಅರುವತ್ತಕ್ಕೂ ಮೇಲೆ. ದೇಶದಲ್ಲಿ ಅಗ್ನಿಶಾಮಕ ದಿನ ಆಚರಿಸುವುದು ಆ ತಾರೀಕಿಗೇ. ನಾವು ವ್ಯಾಸರಾಯ ಬಲ್ಲಾಳರ ‘ಬಂಡಾಯ’ದ ಮೇಲೆ ವಿಚಾರಗೋಷ್ಠಿ ಮಾಡುತ್ತೇವೆ, ಅದಕ್ಕೆ 1986ರ ಅಕಾಡೆಮಿ ಪ್ರಶಸ್ತಿ ಬಂದದ್ದನ್ನು ಬಾಯಿಪಾಠ ಹೇಳುತ್ತೇವೆ, ಮುಂಬಯಿಯ ದುಡಿಯುವ ಜನರ ಬೀದಿಗೆ ಮಾತ್ರ ಕಾಲಿಡುವುದಿಲ್ಲ.

ಬಳಗದ ಸಭೆಯಲ್ಲಿ ಈ ಮಾತೆತ್ತಿದಾಗ ಒಬ್ಬರು, “ಅಲ್ಲಿ ನೋಡ್ಲಿಕ್ಕೆ ಎಂತ ಉಂಟು, ಬರೀ ವಾಸನೆ” ಅಂದರು. ವಾಸನೆ ಹೌದು. ಇನ್ನೊಬ್ಬರು, ದುಡಿಯುವ ಜನರನ್ನು ಮೃಗಾಲಯದ ಹಾಗೆ ನೋಡಲು ಹೋಗುವುದೇ ಎಂದು ಕೇಳಿದರು. ಈ ಪ್ರಶ್ನೆ ನನ್ನನ್ನು ಇನ್ನೂ ಕಾಡುತ್ತಿದೆ. ಕ್ಯಾಮರಾ ಹಿಡಿದು ಇಪ್ಪತ್ತು ಮಂದಿ ನುಗ್ಗಿದರೆ ಅದು ಹಾಗೆಯೇ ಆಗುತ್ತದೆ. ಆದರೆ ಪೋರ್ಟಿನ ಗೋಡೆ ಒಡೆದು ಈ ತೀರವನ್ನು ಚಂದ ಮಾಡುವ ಯೋಜನೆಗಳ ಮಾತು ವರ್ಷಗಳಿಂದ ನಡೆದಿದೆ. ಚಂದ ಯಾರಿಗೆ? ಅಲ್ಲಿ ಏನಿತ್ತೆಂದೇ ಗೊತ್ತಿಲ್ಲದವರು ಈ ಪ್ರಶ್ನೆ ಕೇಳುವುದು ಹೇಗೆ? ಶಿವಡಿಯನ್ನೇ ನೋಡಿ. ಚಳಿಗಾಲದಲ್ಲಿ ಫ್ಲೆಮಿಂಗೋ ಹಕ್ಕಿಗಳು ಇಳಿಯುವ ಆ ಕೆಸರಿನ ಮೇಲೆಯೇ 2024ರ ಜನವರಿಯಲ್ಲಿ ಅಟಲ್ ಸೇತು ತೆರೆಯಿತು. ಸುಮಾರು 22 ಕಿಲೋಮೀಟರು. ಸೇತುವೆ ಬೇಡವೆಂದಲ್ಲ. ಕೆಳಗೆ ಏನಿದೆ ಎಂದು ಕಾರಿನಲ್ಲಿ ಹೋಗುವವರಿಗೆ ಕಾಣುವುದಿಲ್ಲ, ಅಷ್ಟೆ.

ಆದ್ದರಿಂದ ಈ ಸಲದ ತಿರುಗಾಟ ಹಾರ್ಬರ್ ಲೈನಿನಲ್ಲಿ ಆಗಲಿ. ಐದೈದು ಮಂದಿಯಂತೆ, ಕ್ಯಾಮರಾ ಇಲ್ಲದೆ, ಡಾಕಿನ ಗೇಟಿನ ಪೊಲೀಸರೊಡನೆ ವಾದ ಮಾಡದೆ. ಬರುವ ಭಾನುವಾರ ಬೆಳಗಿನ ಐದೂವರೆಗೆ ಡಾಕ್‌ಯಾರ್ಡ್ ರೋಡ್ ಟಿಕೀಟು ಕಿಟಕಿಯ ಬಳಿ ನಾನು ನಿಂತಿರುತ್ತೇನೆ. ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ, ಧಕ್ಕೆಯ ನೆಲ ಜಾರುತ್ತದೆ.