ಬಯಲಾದ ಹೊಲದಲ್ಲಿ ನಾಯಿ ಮತ್ತು ಕೌಜುಗ

ಕಲಬುರಗಿಯ ಮೋಮಿನಪುರದ ಓಣಿಗಳನ್ನು ದಾಟಿ, ಹುಮನಾಬಾದ ರಸ್ತೆ ಹಿಡಿದು, ಕೆಂಪು ಬಾಳೆಗೆ ಹೆಸರಾದ ಕಮಲಾಪುರದತ್ತ ಮಾಗಿಯ ಕೊನೆಯ ದಿನಗಳಲ್ಲಿ ಸಾಗುವವರಿಗೆ ಕಾಣುವುದು ಬಹುಪಾಲು ಬತ್ತಲೆಯಾದ ನೆಲ. ತೊಗರಿ ಕಟಾವಾಗಿ ರಾಶಿಯಾಗಿರುತ್ತದೆ. ಕಡಲೆಯನ್ನು ಕಿತ್ತಿರುತ್ತಾರೆ, ಇಲ್ಲವೇ ಕೀಳುತ್ತಿರುತ್ತಾರೆ. ಹಿಂಗಾರಿನ ಬಿಳಿಜೋಳ ಮಾತ್ರ ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಇನ್ನೂ ನಿಂತಿರುತ್ತದೆ. ಮಳೆಗಾಲದಿಂದ ಊರೆಲ್ಲ ಹರಡಿಕೊಂಡಿದ್ದ ಕೌಜುಗ ಹಕ್ಕಿಗಳಿಗೆ ಆಗ ಉಳಿಯುವ ಆಸರೆಯೆಂದರೆ ಆ ಜೋಳದ ಹೊಲ, ಬದುವಿನ ಮೇಲಿನ ಜಾಲಿ ಮತ್ತು ಹಳ್ಳದ ದಂಡೆಯ ಪೊದೆ. ನಾಯಿಗಳನ್ನು ಕಟ್ಟಿಕೊಂಡು ಶಿಕಾರಿಗೆ ಹೊರಡುವವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದಲೇ ಅವರು ಈ ಕಾಲವನ್ನು ಆರಿಸಿಕೊಳ್ಳುತ್ತಾರೆ.

ಇಂಗ್ಲಿಷಿನಲ್ಲಿ ಫೆಸೆಂಟ್ ಎಂದು ಕರೆಯಲಾಗುವ, ಉದ್ದ ಬಾಲದ ಬೆಡಗಿನ ಹಕ್ಕಿ ಕರ್ನಾಟಕದ ಕಾಡಿನಲ್ಲಿಲ್ಲ. ಆದರೆ ಅದರ ಕುಟುಂಬದವರು ಇಲ್ಲಿ ಧಾರಾಳವಾಗಿದ್ದಾರೆ. ನವಿಲು, ಮಲೆನಾಡಿನ ಕಾಡುಕೋಳಿ, ಚಿಟ್ಟುಕೋಳಿ, ಬಯಲುಸೀಮೆಯ ಕೌಜುಗ, ಲಾವಕ್ಕಿ ಎಲ್ಲವೂ ಒಂದೇ ಬಳಗ. ನೆಲವನ್ನು ಕೆದಕಿ ಮೇಯುವುದು, ನೆಲದ ಮೇಲೆಯೇ ಮೊಟ್ಟೆಯಿಡುವುದು, ಹಾರುವುದಕ್ಕಿಂತ ಓಟವನ್ನು ನಂಬುವುದು ಇವುಗಳ ಸಮಾನ ಗುಣ. ನಾಯಿಯ ಬೇಟೆಗೆ ಇವು ಸುಲಭವಾಗಿ ಸಿಕ್ಕುವುದೂ ಈ ಗುಣದಿಂದಲೇ.

ಕೌಜುಗವನ್ನು ಅಟ್ಟಿದರೆ ಅದು ಮೊದಲು ಓಡುತ್ತದೆ. ಇನ್ನು ದಾರಿಯಿಲ್ಲವೆನ್ನುವಾಗ ಬುರ್ರೆಂದು ಎದ್ದು, ನೆಲಕ್ಕೆ ಸಮೀಪದಲ್ಲಿಯೇ ಸ್ವಲ್ಪ ದೂರ ಹಾರಿ, ಮತ್ತೆ ಇಳಿದು ಓಡುತ್ತದೆ. ಅದರ ರೆಕ್ಕೆಯ ಬಲ ಒಮ್ಮೆಗೇ ಸಿಡಿದೇಳುವುದಕ್ಕೆ ಹೇಳಿ ಮಾಡಿಸಿದ್ದು. ಮೇಲಿಂದ ಮೇಲೆ ಎಬ್ಬಿಸಿದರೆ ದಣಿಯುತ್ತದೆ. ಬೆಳೆ ತುಂಬಿದ ಹೊಲದಲ್ಲಿ ಎರಡನೆಯ ಸಲ ಇಳಿದ ಹಕ್ಕಿಯನ್ನು ನಾಯಿ ಹುಡುಕಲಾರದು. ಬೋಳು ನೆಲದಲ್ಲಿ ಅದು ಇಳಿದ ಜಾಗ ನಾಯಿಗೂ ಕಾಣುತ್ತದೆ, ನಾಯಿಯ ಒಡೆಯನಿಗೂ ಕಾಣುತ್ತದೆ. ಕೋವಿಯೂ ಬೇಕಿಲ್ಲ. ಇದನ್ನು ಸಾಹಸವೆಂದು ಕರೆಯುವುದು ಕಷ್ಟ.

ಕೌಜುಗ ಅಳಿವಿನಂಚಿನ ಹಕ್ಕಿಯಲ್ಲ. ಹಾಗಿರುವಾಗ ನಾಲ್ಕಾರು ಹಕ್ಕಿ ಹಿಡಿದರೆ ಏನಾಯಿತು, ಹೇಗೂ ಅರ್ಧ ಮರಿಗಳು ಹಾವು, ಮುಂಗುಸಿ, ಗಿಡುಗಗಳ ಪಾಲಾಗುತ್ತವಲ್ಲ ಎಂಬ ವಾದ ಕೇಳಿಬರುತ್ತದೆ. ಈ ವಾದವನ್ನು ತಳ್ಳಿಹಾಕುವ ಮುನ್ನ ಪರಿಶೀಲಿಸಬೇಕು, ಏಕೆಂದರೆ ಇದು ಪೂರ್ತಿ ಹುಸಿಯಲ್ಲ. ಅಮೆರಿಕದ ಪಾಲ್ ಎರಿಂಗ್ಟನ್ ಎಂಬ ಪ್ರಾಣಿವಿಜ್ಞಾನಿ ಕಳೆದ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ಲಾವುಗೆಯಂತಹ ಹಕ್ಕಿಗಳನ್ನು ಅಭ್ಯಸಿಸಿ, ನೆಲ ಪೋಷಿಸಬಲ್ಲುದಕ್ಕಿಂತ ಹೆಚ್ಚಾಗಿ ಹುಟ್ಟಿದ ಹಕ್ಕಿಗಳು ಹೇಗೂ ಸಾಯುವಂಥವು ಎಂಬ ಅಭಿಪ್ರಾಯಕ್ಕೆ ಬಂದಿದ್ದರು. ಬೇಟೆಯ ಪರವಾಗಿ ಮಾತಾಡುವವರಿಗೆ ಇದೊಂದು ಆಧಾರವಾಯಿತು. ಆದರೆ ಆ ಲೆಕ್ಕ ಸಲ್ಲುವುದು, ಸಲ್ಲುವುದಾದರೆ, ಹಂಗಾಮಿನ ಆರಂಭಕ್ಕೆ ಮಾತ್ರ. ಸಾಯಬೇಕಾದವು ಸತ್ತು, ಹಸಿವು, ಚಳಿ, ಶತ್ರುಗಳನ್ನೆಲ್ಲ ಎದುರಿಸಿ ಮಾಗಿಯ ಕೊನೆಗೆ ಉಳಿದ ಹಕ್ಕಿ ಹೆಚ್ಚುವರಿಯಲ್ಲ. ಅದು ಬೀಜದ ಕಾಳು. ಬಿತ್ತನೆಗೆಂದು ಗಡಿಗೆಯಲ್ಲಿ ಬೂದಿ ಬೆರೆಸಿ ಇಟ್ಟ ಜೋಳವನ್ನು ಯಾವ ರೈತನೂ ಬೀಸಿ ರೊಟ್ಟಿ ಮಾಡುವುದಿಲ್ಲ. ಬೇಸಿಗೆ ಕಾಲಿಡುತ್ತಿದ್ದಂತೆ ಈ ಹಕ್ಕಿಗಳು ಜೋಡಿಯಾಗಿ, ನೆಲದ ತಗ್ಗಿನಲ್ಲಿ ಆರೆಂಟು ಮೊಟ್ಟೆಯಿಡಬೇಕು. ಮಲೆನಾಡಿನ ಕಾಡುಕೋಳಿಯೂ ಫೆಬ್ರವರಿಯಿಂದ ಮೇ ತಿಂಗಳವರೆಗೆ ಹೆಚ್ಚಾಗಿ ಮರಿ ಮಾಡುತ್ತದೆ. ಹುಂಜ ಬಿಡದೆ ಕೂಗುವುದೂ ಆಗಲೇ, ಬೇಟೆಗಾರನಿಗೆ ತನ್ನ ನೆಲೆಯನ್ನು ತಾನೇ ತಿಳಿಸಿಕೊಡುವುದೂ ಆಗಲೇ.

ಹೊರದೇಶಗಳಲ್ಲಿ ನಾಯಿಗಳೊಡನೆ ಫೆಸೆಂಟ್ ಬೇಟೆ ಇಂದಿಗೂ ಕಾನೂನುಬದ್ಧ ಕ್ರೀಡೆ ಎಂಬುದನ್ನು ಇಲ್ಲಿ ಉದಾಹರಿಸುವವರಿದ್ದಾರೆ. ಅಲ್ಲಿಯ ಸ್ಥಿತಿಯೇ ಬೇರೆ. ಅಮೆರಿಕಕ್ಕೆ ಆ ಹಕ್ಕಿ ಸ್ಥಳೀಯವಲ್ಲ. 1880ರ ದಶಕದ ಆರಂಭದಲ್ಲಿ ಚೀನಾದಿಂದ ತಂದು ಆರೆಗಾನ್ ರಾಜ್ಯದಲ್ಲಿ ಬಿಟ್ಟದ್ದು. ಬ್ರಿಟನ್ನಿನಲ್ಲಿ ಬೇಟೆಗೆಂದೇ ಕೋಟಿಗಟ್ಟಲೆ ಮರಿಗಳನ್ನು ಸಾಕಿ ಪ್ರತಿವರ್ಷ ಬಯಲಿಗೆ ಬಿಡುತ್ತಾರೆ, ಅಷ್ಟಾಗಿಯೂ ಇಂಗ್ಲೆಂಡಿನಲ್ಲಿ ಫೆಬ್ರವರಿ 1ಕ್ಕೆ ಹಂಗಾಮು ಮುಗಿಯುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಹುಂಜವನ್ನಷ್ಟೇ ಹೊಡೆಯಬಹುದು, ಏಕೆಂದರೆ ಒಂದು ಹುಂಜ ಹಲವು ಹೇಟೆಗಳಿಗೆ ಸಾಕು. ಕೌಜುಗದ ಸಂಸಾರ ಹಾಗಲ್ಲ, ಅದು ಜೋಡಿಯಾಗಿ ಬಾಳುವ ಹಕ್ಕಿ. ಒಂದನ್ನು ಹಿಡಿದರೆ ಒಂದು ಜೋಡಿಯೇ ಮುರಿಯುತ್ತದೆ. ಸಾಕಿ ಬಿಡುವ ಕೆಲಸವನ್ನಂತೂ ಇಲ್ಲಿ ಯಾರೂ ಮಾಡುತ್ತಿಲ್ಲ. ತೆಗೆಯುವ ಕೈ ಇದೆ, ಇಡುವ ಕೈ ಇಲ್ಲ.

ತೊಗರಿಯ ನಾಡಿಗೆ ಈ ಹಕ್ಕಿಯ ಋಣವೂ ಇದೆ. 1997-98ರ ಹಂಗಾಮಿನಲ್ಲಿ ಕಲಬುರಗಿ, ಬೀದರ ಜಿಲ್ಲೆಗಳ ತೊಗರಿಯನ್ನು ಕಾಯಿಕೊರಕ ಹುಳು ಹಾಳುಮಾಡಿದ್ದನ್ನು, ಔಷಧಿ ಸಿಂಪಡಿಸಿ ಸಿಂಪಡಿಸಿ ಸಾಲಕ್ಕೆ ಸಿಕ್ಕಿದ ರೈತರ ಗತಿಯನ್ನು ಹಿರಿಯರು ಮರೆತಿಲ್ಲ. ಆ ಬಳಿಕ ಗಿಡವನ್ನು ಅಲುಗಿಸಿ ಹುಳು ಉದುರಿಸಿ ಆರಿಸುವ ಹಳೆಯ ಪದ್ಧತಿಯನ್ನು ವಿಜ್ಞಾನಿಗಳೂ ಎತ್ತಿಹಿಡಿದರು. ಉದುರಿದ ಹುಳು ಕೋಳಿಗಳಿಗೆ ಆಹಾರವಾಯಿತು. ಕೊರಕ ಹುಳು ಬೆಳೆದಾದ ಮೇಲೆ ಕೋಶವಾಗಲು ಮಣ್ಣಿಗೇ ಇಳಿಯುತ್ತದೆ. ನೆಲ ಕೆದಕಿ ಹುಳು, ಗೆದ್ದಲು, ಕಳೆಬೀಜಗಳನ್ನು ತಿನ್ನುವ ಹಕ್ಕಿ ಇಂಥ ಹೊಲದಲ್ಲಿ ಕೂಲಿ ಕೇಳದ ಆಳು. ಮೊಳಕೆಯ ಕಾಳನ್ನೂ ಅದು ಹೆಕ್ಕುವುದುಂಟು. ಆದರೆ ಮರಿಗಳ ಹೊಟ್ಟೆ ತುಂಬುವುದು ಹುಳುಗಳಿಂದಲೇ. ಇದೇ ರೈತರು ಎಳ್ಳ ಅಮಾವಾಸ್ಯೆಯಂದು ಬಂಧುಬಳಗವನ್ನು ಹೊಲಕ್ಕೆ ಕರೆದೊಯ್ದು, ಸಜ್ಜೆ ರೊಟ್ಟಿ, ಭಜ್ಜಿ, ಕಡುಬಿನ ಎಡೆಯಿಟ್ಟು ಚರಗ ಚೆಲ್ಲುತ್ತಾರೆ. ಭೂತಾಯಿಯ ಜೊತೆಗೆ ಹಕ್ಕಿಪಕ್ಷಿಗಳಿಗೂ ಪಾಲು ಸಲ್ಲಲಿ ಎಂಬುದು ಅದರ ಆಶಯ. ಅದಾದ ಕೆಲವೇ ವಾರಗಳಲ್ಲಿ ಅದೇ ಹೊಲಕ್ಕೆ ನಾಯಿ ಬಿಡುವವರನ್ನು ಹೊಲದ ಒಡೆಯ ಕೇಳದೆ ಕಳಿಸುವುದು ಏಕೆ?

ಕಾನೂನಿನಲ್ಲಿ ಗೊಂದಲವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕೊಲ್ಲುವುದು, ಉರುಳು ಹಾಕುವುದು ಮಾತ್ರವಲ್ಲ, ಅದಕ್ಕಾಗಿ ಪ್ರಾಣಿಯನ್ನು ಅಟ್ಟುವುದೂ, ಆ ಎಲ್ಲದರ ಪ್ರಯತ್ನವೂ ಸೇರಿದೆ. ಹಕ್ಕಿ ಸಿಕ್ಕಲಿಲ್ಲ, ನಾಯಿ ಸುಮ್ಮನೆ ಓಡಿತು ಎಂಬ ಸಬೂಬು ನಿಲ್ಲುವುದಿಲ್ಲ. ಪರವಾನಗಿ ಪಡೆದು ಬೇಟೆಯಾಡುವ ಅವಕಾಶವೂ 1991ರ ತಿದ್ದುಪಡಿಯೊಡನೆ ಹೋಯಿತು. 2022ರ ತಿದ್ದುಪಡಿಯಲ್ಲಿ ಸಾಮಾನ್ಯ ಅಪರಾಧಗಳ ದಂಡದ ಮಿತಿ 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿದೆ.

ಆದರೆ ಕಾಯ್ದೆಯ ಬಿಸಿ ತಟ್ಟುವುದು ಯಾರಿಗೆ? ಬೇಟೆಯೆಂದೊಡನೆ ಊರಿನ ಬೆರಳು ಹರಣಶಿಕಾರಿ, ಪಾರ್ಧಿಗಳತ್ತ ತಿರುಗುತ್ತದೆ. ಬ್ರಿಟಿಷರ 1871ರ ಕಾಯ್ದೆಯ ಅಡಿಯಲ್ಲಿ ಹುಟ್ಟು ಅಪರಾಧಿಗಳೆಂಬ ಹಣೆಪಟ್ಟಿ ಹೊತ್ತು, 1952ರಲ್ಲಿ ಕಾಗದದ ಮೇಲೆ ಅದರಿಂದ ಬಿಡುಗಡೆಯಾದ ಇಂಥ ಸಮುದಾಯಗಳಿಗೆ ಬಲೆ, ಉರುಳುಗಳೇ ಜೀವನೋಪಾಯವಾಗಿದ್ದವು. ಅದನ್ನು ಕಿತ್ತುಕೊಂಡ ಸಮಾಜ ಬದಲಿ ಬದುಕನ್ನು ಅರೆಮನಸ್ಸಿನಿಂದ ಕೊಟ್ಟಿತು. ಹಸಿವಿಗೆ ಹಿಡಿಯುವವನಿಗೂ, ರಜೆಯ ದಿನ ಗಾಡಿಯಲ್ಲಿ ನಾಯಿ ಹೇರಿಕೊಂಡು ಬಂದು ಮೋಜಿಗೆ ಅಟ್ಟುವವನಿಗೂ ಹೊಲದಲ್ಲಿ ವ್ಯತ್ಯಾಸ ಕಾಣಬೇಕು. ಎರಡನೆಯವನಿಗೆ ಯಾವ ವಿನಾಯಿತಿಯೂ ಸಲ್ಲದು.

ನಾಯಿಯದಂತೂ ತಪ್ಪೇ ಅಲ್ಲ. ಮುಧೋಳ ತಳಿಯನ್ನೇ ನೋಡಬಹುದು: ಮೂಗಿಗಿಂತ ಕಣ್ಣನ್ನು ನಂಬಿ ಅಟ್ಟುವ, ಬಯಲಿಗೆಂದೇ ರೂಪುಗೊಂಡ ಓಟಗಾರ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಈ ತಳಿಯ ಗೌರವಾರ್ಥ ಅಂಚೆಚೀಟಿ ಹೊರಡಿಸಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ತಿಮ್ಮಾಪುರ ಕೇಂದ್ರದಲ್ಲಿ ತಳಿ ಸಂರಕ್ಷಣೆ ನಡೆದಿದೆ. ಸೇನೆಯೂ 2016ರಲ್ಲಿ ಇದರ ಮರಿಗಳನ್ನು ತರಬೇತಿಗೆ ಒಯ್ದಿತು. ತಳಿಯ ಮೇಲಿನ ಪ್ರೀತಿಗೂ ಬೇಟೆಗೂ ಈಗ ನಂಟು ಉಳಿಯಬೇಕಿಲ್ಲ.

ಬಯಲುಸೀಮೆಯ ಈ ಮಾತು ಬೆಟ್ಟದ ಊರುಗಳಿಗೂ ಅನ್ವಯಿಸುತ್ತದೆ. ಕಲಬುರಗಿ ಜಿಲ್ಲೆಯಲ್ಲಿಯೇ 2011ರಲ್ಲಿ ವನ್ಯಧಾಮವಾದ ಚಿಂಚೋಳಿಯ ಗುಡ್ಡಗಳಂಚಿನ ತಾಂಡಾಗಳಿರಲಿ, ಮಲೆನಾಡಿನ ತೋಟದ ಮನೆಗಳಿರಲಿ, ಮಂಗ, ಹಂದಿ ಕಾಯಲು ಸಾಕಿದ ನಾಯಿ ರಾತ್ರಿಯೆಲ್ಲ ಬಿಟ್ಟುಕೊಂಡೇ ಇರುತ್ತದೆ. ಯಾರೂ ಛೂ ಬಿಡದಿದ್ದರೂ ಅದು ಕಾವಿಗೆ ಕುಳಿತ ಚಿಟ್ಟುಕೋಳಿಯನ್ನು ಎಬ್ಬಿಸುತ್ತದೆ, ಮೊಟ್ಟೆ ತಿನ್ನುತ್ತದೆ. ಫೆಬ್ರವರಿಯಿಂದ ಜೂನ್‌ವರೆಗೆ ಸೊಪ್ಪಿನ ಬೆಟ್ಟದ ಕಡೆಗೆ ನಾಯಿ ಬಿಡದಿರುವುದು, ಬಯಲಿನಲ್ಲಿ ಬದುವಿನ ಹುಲ್ಲಿಗೆ ಬೆಂಕಿ ಹಚ್ಚದೆ ಒಂದಿಷ್ಟು ಪೊದೆ ಉಳಿಸುವುದು ಗ್ರಾಮಸಭೆಯೊಂದರ ತೀರ್ಮಾನಕ್ಕೆ ನಿಲುಕುವ ಕೆಲಸಗಳು. ವಿದ್ಯಾರ್ಥಿಗಳಿಗೆ ಇನ್ನೂ ಸುಲಭದ ಕೆಲಸವೊಂದಿದೆ: ಸೂರ್ಯೋದಯಕ್ಕೆ ಮುಂಚೆ ಊರ ಹೊರಗೆ ಒಂದೇ ಕಡೆ ಹತ್ತು ನಿಮಿಷ ನಿಂತು, ಕೂಗುವ ಕೌಜುಗ ಅಥವಾ ಕಾಡುಕೋಳಿಗಳೆಷ್ಟು, ಯಾವ ದಿಕ್ಕಿನಿಂದ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ವಾರಕ್ಕೊಮ್ಮೆ, ಅದೇ ಜಾಗ, ಅದೇ ಹೊತ್ತು, ಫೆಬ್ರವರಿಯಿಂದ ಮೇ ಕೊನೆಯವರೆಗೆ. ಮುಂದಿನ ವರ್ಷವೂ ಅಲ್ಲೇ ನಿಂತು ಎಣಿಸಿದರೆ ಗ್ರಾಮಸಭೆಯ ಮುಂದಿಡಲು ಊರಿನದೇ ಒಂದು ಲೆಕ್ಕ ಸಿಕ್ಕಿರುತ್ತದೆ.